ಟೆಕ್ಸಸ್‌ನ ರೌಂಡ್ ರಾಕ್ ಬಳಿಯ ಪಿಸ್ತೂಲು ರಿಪೇರಿ ಅಂಗಡಿ, ಒಬ್ಬ ಎಚ್‌ಎಂಟಿ ಫಿಟ್ಟರ್ ಕಂಡ ಹಾಗೆ

ನನ್ನ ಮಗ ಎಡಚ. ಅವನ ಪಿಸ್ತೂಲು .45 ಕ್ಯಾಲಿಬರಿನ 1911 ಮಾದರಿಯದು. ಗುಂಡು ಹಾರದಂತೆ ತಡೆದಿಡುವ ಅದರ ಸೇಫ್ಟಿ ಲಿವರ್ ಇರುವುದು ಎಡಮಗ್ಗುಲಲ್ಲಿ ಮಾತ್ರ, ಬಲಗೈ ಹೆಬ್ಬೆರಳಿಗೆ ಸಿಗುವ ಹಾಗೆ. ಎಡಚನ ಹೆಬ್ಬೆರಳು ಬಲಮಗ್ಗುಲಿಗೆ ಬರುತ್ತದೆ, ಅಲ್ಲಿ ಒತ್ತಲು ಏನೂ ಇಲ್ಲ. ಹೋದ ಚಳಿಗಾಲದಲ್ಲಿ ಅವನು ಎರಡೂ ಮಗ್ಗುಲಲ್ಲಿ ಲಿವರ್ ಇರುವ ಸೇಫ್ಟಿಯೊಂದನ್ನು ಆನ್‌ಲೈನ್‌ನಲ್ಲಿ ತರಿಸಿ, ವಿಡಿಯೋ ನೋಡಿಕೊಂಡು ಗ್ಯಾರೇಜಿನಲ್ಲಿ ತಾನೇ ಹಾಕಲು ಕೂತ. ಪೊಟ್ಟಣದ ಮೇಲೆ ‘ಡ್ರಾಪ್ ಇನ್’ ಅಂತ ಅಚ್ಚಾಗಿತ್ತು. ಹಳೆಯದನ್ನು ತೆಗಿ, ಹೊಸದನ್ನು ಹಾಕು, ಮುಗಿಯಿತು ಅನ್ನುವ ಅರ್ಥದಲ್ಲಿ. ಹಾಕಿ ನೋಡಿದರೆ ಲಿವರ್ ಮೇಲಕ್ಕೇ ಏಳಲಿಲ್ಲ. ಡ್ರೆಮೆಲ್ ಅನ್ನುವ ಕೈಸಾಣೆ ಯಂತ್ರ ತಗೊಂಡು ಒಳಗಿನ ಉಬ್ಬನ್ನು ಸ್ವಲ್ಪ ಸವೆಸಿದ. ಆಮೇಲೆ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಎದ್ದು ಇಳಿಯಿತು. “ನೋಡಪ್ಪ, ಎಷ್ಟು ನೈಸಾಗಿದೆ” ಅಂದ.

ನಾನು ತುಮಕೂರಿನ ಎಚ್‌ಎಂಟಿ ಗಡಿಯಾರ ಕಾರ್ಖಾನೆಯ ಟೂಲ್‌ರೂಮಿನಲ್ಲಿ 22 ವರ್ಷ ಫಿಟ್ಟರ್ ಆಗಿದ್ದವನು. ಒಂದು ಭಾಗ ಇನ್ನೊಂದನ್ನು ತಡೆದು ಹಿಡಿಯಬೇಕಾದ ಜಾಗದಲ್ಲಿ ‘ನೈಸಾಗಿದೆ’ ಅಂದರೆ ನನಗೆ ನೆಮ್ಮದಿಯಾಗುವುದಿಲ್ಲ. ಆ ಸೇಫ್ಟಿಯೂ, ಅದಕ್ಕೂ ಮೊದಲಿನಿಂದ ಇದ್ದ ಇನ್ನೊಂದು ಕಾಟವೂ ಸೇರಿ ನಮ್ಮನ್ನು ಈ ಅಂಗಡಿಗೆ ತಂದವು.

ಮೊದಲು ಆ ಇನ್ನೊಂದು ಕಾಟ ಹೇಳುತ್ತೇನೆ. ಗುಂಡು ಹಾರಿದ ಮೇಲೆ ಖಾಲಿ ಕೇಸು, ಅಂದರೆ ಗುಂಡಿನ ಹೊರಗವಚ, ಬಲಕ್ಕೆ, ಸ್ವಲ್ಪ ಹಿಂದಕ್ಕೆ ಹಾರಿ ಬೀಳಬೇಕು. ಇವನ ಪಿಸ್ತೂಲಿನಲ್ಲಿ ಒಂದು ಬಲಕ್ಕೆ, ಒಂದು ನೆತ್ತಿಯ ಮೇಲೆ, ಒಂದು ನೇರ ಹಣೆಗೆ. ಗುಂಡು ತುಂಬುವ ಮ್ಯಾಗಜಿನ್ ಎರಡು ಮೂರು ಖಾಲಿಯಾಗುವಷ್ಟರಲ್ಲಿ ಒಮ್ಮೆ ಕೇಸು ಹೊರಗೇ ಬರದೆ, ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಜಾರುವ ಸ್ಲೈಡಿನ ಬಾಯಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಶೂಟಿಂಗ್ ರೇಂಜಿಗೆ ಅಂಟಿಕೊಂಡಂತೆ ಇರುವ ಒಂದು ದೊಡ್ಡ ಅಂಗಡಿಗೆ ಕೊಟ್ಟೆವು. ಅವರು ಕೇಸನ್ನು ಹಿಡಿದೆಳೆಯುವ ಎಕ್ಸ್‌ಟ್ರಾಕ್ಟರ್ ಬದಲಿಸಿದರು, ಸ್ಲೈಡನ್ನು ಮುಂದಕ್ಕೆ ತಳ್ಳುವ 16 ಪೌಂಡಿನ ರೀಕಾಯಿಲ್ ಸ್ಪ್ರಿಂಗ್ ತೆಗೆದು 18.5 ಪೌಂಡಿನದು ಹಾಕಿದರು, 110 ಡಾಲರ್ ತಗೊಂಡರು. ಹೊಸ ಸ್ಪ್ರಿಂಗಿನಿಂದ ಕೇಸು ಇನ್ನೂ ಹತ್ತಿರ ಬೀಳಲು ಶುರುವಾಯಿತು, ಅಷ್ಟೇ ಬದಲಾವಣೆ. ಕೌಂಟರಿನ ಹುಡುಗ ಹೇಳಿದ್ದು, “ಇನ್ನೊಂದು 500 ಗುಂಡು ಹೊಡೆಯಿರಿ, ಸರಿಹೋಗುತ್ತೆ.” 500 ಗುಂಡಿಗೆ ಎಷ್ಟು ದುಡ್ಡು ಅಂತ ಅವನಿಗೂ ಗೊತ್ತಿತ್ತು.

ಈಗ ನಾನು ಬರೆಯಬೇಕಾದ ಅಂಗಡಿ. ಹೆಸರು ಹಾಕುತ್ತಿಲ್ಲ. ಯಜಮಾನರೇ ಬೇಡ ಅಂದರು, ಈಗಾಗಲೇ ಎರಡು ತಿಂಗಳ ಕೆಲಸ ಸಾಲುಗಟ್ಟಿದೆಯಂತೆ. ಆಸ್ಟಿನ್ ಸುತ್ತಮುತ್ತ ಇರುವ ನಮ್ಮವರು ಖುದ್ದಾಗಿ ಕೇಳಿದರೆ ಹೇಳುತ್ತೇನೆ. ರೌಂಡ್ ರಾಕ್‌ನಿಂದ ಉತ್ತರಕ್ಕೆ ಅರ್ಧ ಗಂಟೆ, ಮನೆಯ ಹಿಂದೆ ಒಂದು ತಗಡಿನ ಶೆಡ್ಡು, ಮುಂದೆ ಒಂದೇ ಒಂದು ಕಾರು ನಿಲ್ಲುವ ಜಾಗ. ಒಳಗೆ ಗೋಡೆಗೆ ಫೆಡರಲ್ ಲೈಸೆನ್ಸ್, ಒಂದು ಹಳೆಯ ಲೇತು, ಎರಡು ವೈಸು, ಮತ್ತು ಸಾಲಾಗಿ ತೂಗುಹಾಕಿದ ಅರಗಳು. ಆ ಅರಗಳನ್ನು ನೋಡಿಯೇ ನನಗೆ ಅರ್ಧ ಧೈರ್ಯ ಬಂತು. ಒಂದಕ್ಕೊಂದು ತಾಗದ ಹಾಗೆ ನೇತುಹಾಕಿದ್ದರು, ಹಲ್ಲುಗಳಿಗೆ ಸೀಮೆಸುಣ್ಣ ಬಳಿದಿದ್ದರು. ಸೀಮೆಸುಣ್ಣ ಬಳಿದರೆ ಲೋಹದ ಪುಡಿ ಹಲ್ಲಿನ ಸಂದಿಯಲ್ಲಿ ಕಚ್ಚಿಕೊಳ್ಳುವುದಿಲ್ಲ, ಕೆಲಸದ ಮೇಲೆ ಗೀರು ಬೀಳುವುದಿಲ್ಲ. ಐಟಿಐನಲ್ಲಿ ಮೊದಲ ತಿಂಗಳೇ ಕಲಿಸುವ ಪಾಠ. ದೊಡ್ಡ ಅಂಗಡಿಯಲ್ಲಿ ಅರಗಳೆಲ್ಲ ಒಂದು ಡ್ರಾಯರಿನಲ್ಲಿ ಗುಡ್ಡೆಯಾಗಿ ಬಿದ್ದಿದ್ದವು.

ಪಿಸ್ತೂಲನ್ನು ಖಾಲಿ ಮಾಡಿ, ಸ್ಲೈಡ್ ಹಿಂದಕ್ಕೆಳೆದು ಕೂರಿಸಿ, ಪೆಟ್ಟಿಗೆಯಲ್ಲಿ ಒಯ್ದಿದ್ದೆವು. ಗುಂಡು ಕಾರಿನಲ್ಲೇ ಇತ್ತು. ಹಾಗಿದ್ದರೂ ಯಜಮಾನರು ಗುಂಡು ಕೂರುವ ಚೇಂಬರಿಗೆ ಕಿರುಬೆರಳು ಹಾಕಿ ನೋಡಿದರು, ಆಮೇಲೆ ಮಗನಿಗೂ ನೋಡಲು ಹೇಳಿದರು. ಸೀರಿಯಲ್ ನಂಬರು, ಹೆಸರು, ವಿಳಾಸ ಎಲ್ಲ ಪುಸ್ತಕಕ್ಕೆ ಬರೆದುಕೊಂಡರು. ರಿಪೇರಿಗೆ ಒಪ್ಪಿಸಿದವರೇ ವಾಪಸ್ ತಗೊಂಡರೆ ಬಂದೂಕು ಕೊಳ್ಳುವವರು ತುಂಬಬೇಕಾದ ಸರ್ಕಾರಿ ಫಾರ್ಮ್ 4473 ತುಂಬುವ ಕೆಲಸ ಇಲ್ಲ. ಬೇರೆಯವರು ತಗೊಳ್ಳಲು ಹೋದರೆ ಬೇಕಾಗುತ್ತದೆ. ಹಾಗಾಗಿ ಯಾರ ಪಿಸ್ತೂಲೋ ಅವರೇ ಹೋಗಿ ಕೊಡುವುದು ಒಳ್ಳೆಯದು.

ನಾನು ಕಾಟವನ್ನೆಲ್ಲ ವಿವರಿಸಲು ಬಾಯಿ ತೆರೆದೆ. ಅವರು ಕೈ ಅಡ್ಡ ಹಿಡಿದು ನಿಲ್ಲಿಸಿ, ಪಿಸ್ತೂಲಿನ ಹಿಂಭಾಗವನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ಒಂದೈದು ಸೆಕೆಂಡು ನೋಡಿದರು. “ತಿರುಗುತ್ತಿದೆ” ಅಂದರು. ಅಷ್ಟೇ.

ಏನು ತಿರುಗುತ್ತಿದೆ ಅನ್ನುವುದನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಾವು ಕೊಟ್ಟ ದುಡ್ಡೆಲ್ಲ ಅದಕ್ಕೇ. 1911ರ ಎಕ್ಸ್‌ಟ್ರಾಕ್ಟರ್ ಅಂದರೆ ಸ್ಲೈಡಿನೊಳಗೆ ಉದ್ದುದ್ದಕ್ಕೆ ಕೊರೆದ ತೂತಿನಲ್ಲಿ ಕೂರುವ ಒಂದು ಉಕ್ಕಿನ ಕಡ್ಡಿ. ಮುಂದಿನ ತುದಿಯಲ್ಲಿ ಕೊಕ್ಕೆ. ಅದು ಕೇಸಿನ ಅಂಚನ್ನು ಹಿಡಿದು ಹಿಂದಕ್ಕೆ ಎಳೆಯುತ್ತದೆ. ಇದಕ್ಕೆ ಬೇರೆ ಸ್ಪ್ರಿಂಗ್ ಇಲ್ಲ, ಕಡ್ಡಿಯೇ ಸ್ವಲ್ಪ ಬಾಗಿ ತಾನೇ ಸ್ಪ್ರಿಂಗ್ ಆಗಿ ಕೆಲಸ ಮಾಡುತ್ತದೆ. ಹಿಂದಿನ ತುದಿಯಲ್ಲಿ ಒಂದು ಗಾಡಿ, ಅಂದರೆ ಕೊರೆದ ತೋಡು. ಫೈರಿಂಗ್ ಪಿನ್ ಸ್ಟಾಪ್ ಅನ್ನುವ ಚಿಕ್ಕ ಚೌಕದ ತಟ್ಟೆ ಸ್ಲೈಡಿನ ಹಿಂದೆ ಕೆಳಗಿನಿಂದ ಜಾರಿ ಬಂದು, ಗುಂಡಿಗೆ ಬಡಿಯುವ ಫೈರಿಂಗ್ ಪಿನ್ನನ್ನು ತಡೆಯುವುದರ ಜೊತೆಗೆ ತನ್ನ ಅಂಚನ್ನು ಈ ಗಾಡಿಯಲ್ಲಿ ಕೂರಿಸಿ ಕಡ್ಡಿ ತಿರುಗದಂತೆ ಹಿಡಿದಿರುತ್ತದೆ. ಆ ತಟ್ಟೆ ಸಡಿಲವಾಗಿದ್ದರೆ ಪ್ರತಿ ಹೊಡೆತಕ್ಕೂ ಕಡ್ಡಿ ಒಂದಿಷ್ಟು ವಾಲುತ್ತದೆ. ಕೊಕ್ಕೆ ಒಮ್ಮೆ ನೇರ, ಒಮ್ಮೆ ಓರೆ. ಕೇಸು ಒಂದೊಂದು ಸಲ ಒಂದೊಂದು ಕಡೆ ಹಾರಲು ಅದೇ ಕಾರಣ. ಎಕ್ಸ್‌ಟ್ರಾಕ್ಟರ್ ಎಷ್ಟು ಸಲ ಬದಲಿಸಿದರೂ ತಟ್ಟೆ ಹಳೆಯದೇ ಇದ್ದರೆ ಹೊಸ ಕಡ್ಡಿಯೂ ತಿರುಗುತ್ತದೆ. ದೊಡ್ಡ ಅಂಗಡಿಯವರು ಮಾಡಿದ್ದು ಅದನ್ನೇ: ಬಾಗಿಲು ವಾಲಿದೆ ಅಂದರೆ ಚಿಲಕ ಬದಲಿಸಿದ ಹಾಗೆ.

ಈ ಶೆಡ್ಡಿನ ಯಜಮಾನರು ತರಿಸಿದ್ದು ಇಜಿಡಬ್ಲ್ಯೂ ಅನ್ನುವ ಕಂಪನಿ ಮಾಡುವ, ಮಾಮೂಲಿ ಅಳತೆಗಿಂತ ಸ್ವಲ್ಪ ದೊಡ್ಡದಾದ ಫೈರಿಂಗ್ ಪಿನ್ ಸ್ಟಾಪ್. ದೊಡ್ಡದು ಯಾಕೆ ಅಂದರೆ, ಅದು ಪೊಟ್ಟಣದಿಂದ ಬಂದ ಹಾಗೇ ಯಾವ ಸ್ಲೈಡಿಗೂ ಕೂರಬಾರದು. ನಿಮ್ಮ ಸ್ಲೈಡಿಗೆ ತಕ್ಕ ಹಾಗೆ ಅರ ಹಾಕಿ ಕೂರಿಸಿಕೊಳ್ಳಲಿ ಅಂತ. ಆರು ವಾರ ಕಳೆದು ಶನಿವಾರ ಬನ್ನಿ ಅಂತ ಫೋನ್ ಬಂತು. ಬೆಂಚಿನ ಆಚೆ ಗಿರಾಕಿಗಳಿಗೆ ಪ್ರವೇಶ ಇಲ್ಲ. ನನ್ನ ಕೈಯಲ್ಲಿದ್ದ ಎಚ್‌ಎಂಟಿ ಪೈಲಟ್ ವಾಚನ್ನು ನೋಡಿ ಯಾವುದದು ಅಂತ ಕೇಳಿದರು. ಇದರ ಟೂಲ್‌ರೂಮಿನಲ್ಲಿ ಇದ್ದೆ ಅಂದೆ. ಒಂದು ಸ್ಟೂಲು ಎಳೆದು ಪಕ್ಕದಲ್ಲಿ ಹಾಕಿದರು.

ತಟ್ಟೆಯ ಅಂಚಿಗೆ ಮಾರ್ಕಿಂಗ್ ಬ್ಲೂ ಬಳಿಯುವುದು, ಸ್ಲೈಡಿನ ಗಾಡಿಗೆ ತಾಗಿಸುವುದು, ಬಣ್ಣ ಎಲ್ಲಿ ಉಜ್ಜಿ ಹೋಗಿದೆ ನೋಡುವುದು, ಅಲ್ಲಿಗೆ ಮಾತ್ರ ಅರದ ಎರಡು ಉಜ್ಜು, ಒರೆಸುವುದು, ಮತ್ತೆ ಬ್ಲೂ. ಮೊದಲು ಸ್ಲೈಡಿನ ಗಾಡಿಗೆ, ಆಮೇಲೆ ಎಕ್ಸ್‌ಟ್ರಾಕ್ಟರಿನ ಗಾಡಿಗೆ. ನಾನು ಲೆಕ್ಕ ಇಟ್ಟೆ, ಮೂವತ್ತೊಂದು ಸಲ. ಕೊನೆಗೆ ಹೆಬ್ಬೆರಳಿನಿಂದ ಒತ್ತಿದಾಗ ತಟ್ಟೆ ಸ್ವಲ್ಪ ಬಿಗಿಯಾಗಿಯೇ ಜಾರಿ ಮೇಲೆ ಹೋಗಿ ನಿಂತಿತು. ಎಕ್ಸ್‌ಟ್ರಾಕ್ಟರನ್ನು ಇಕ್ಕಳದಲ್ಲಿ ಹಿಡಿದು ತಿರುಗಿಸಲು ನೋಡಿದರು, ಅಲುಗಲಿಲ್ಲ. ಬರೀ ಸ್ಲೈಡನ್ನು ಕೈಯಲ್ಲಿ ಹಿಡಿದು, ಕೊಕ್ಕೆಯ ಕೆಳಗೆ ಡಮ್ಮಿ ಗುಂಡೊಂದನ್ನು ಸಿಕ್ಕಿಸಿ ಮೆಲ್ಲಗೆ ಅಲ್ಲಾಡಿಸಿದರು. ಬೀಳಲಿಲ್ಲ. ಆಮೇಲೆ ಗೇಜು ಹಾಕಿ ಹಿಡಿತ ಅಳೆದರು, 26 ಔನ್ಸ್ ತೋರಿಸಿತು. ಆ ಅಂಕಿಯನ್ನು ಒಂದು ಚೀಟಿಯಲ್ಲಿ ಬರೆದುಕೊಡಿ ಅಂತ ನಾನು ಕೇಳಬೇಕಾಯಿತು, ತಾವಾಗಿ ಕೊಡಲಿಲ್ಲ. ಮುಂದೆ ಸಡಿಲವಾದರೆ ಎಷ್ಟು ಸಡಿಲವಾಗಿದೆ ಅಂತ ತಿಳಿಯಲು ಇದೊಂದೇ ದಾರಿ. ಇಂಥ ಅಂಗಡಿಗೆ ಹೋದವರು ಅಳತೆ ಕೇಳಿ ಬರೆಸಿಕೊಳ್ಳಿ.

ಮಗನಿಗೆ ಒಂದು ಮಾತು ಹೇಳಿದರು, ಅದನ್ನು ಇಲ್ಲೂ ಬರೆಯುತ್ತೇನೆ. ಚೇಂಬರಿಗೆ ಗುಂಡನ್ನು ಕೈಯಿಂದ ಹಾಕಿ ಸ್ಲೈಡ್ ಬಿಡಬಾರದು. ಈ ಪಿಸ್ತೂಲಿನಲ್ಲಿ ಮ್ಯಾಗಜಿನ್‌ನಿಂದ ಮೇಲೆ ಬರುವ ಗುಂಡಿನ ಅಂಚು ಕೆಳಗಿನಿಂದ ಜಾರಿ ಕೊಕ್ಕೆಯ ಹಿಂದೆ ಸೇರಬೇಕು. ಕೈಯಿಂದ ಹಾಕಿದರೆ ಕೊಕ್ಕೆ ಅಂಚನ್ನು ಹಾರಿ ಹಿಡಿಯಬೇಕಾಗುತ್ತದೆ, ಆ ಬಡಿತಕ್ಕೆ ದಿನ ಕಳೆದಂತೆ ಹಿಡಿತ ಹಾಳಾಗುತ್ತದೆ. ಮಗ ಎರಡು ವರ್ಷ ಹಾಗೆಯೇ ಮಾಡುತ್ತಿದ್ದನಂತೆ.

ರೀಕಾಯಿಲ್ ಸ್ಪ್ರಿಂಗ್ ಮತ್ತೆ 16 ಪೌಂಡಿನದು, ವುಲ್ಫ್ ಕಂಪನಿಯದು. ಇದರಲ್ಲಿ ಕೂರಿಸುವ ಕೆಲಸ ಏನಿಲ್ಲ, ಐದು ನಿಮಿಷ. ಇದನ್ನು ಯಾರು ಬೇಕಾದರೂ ಮನೆಯಲ್ಲೇ ಬದಲಿಸಬಹುದು.

ಸೇಫ್ಟಿಯ ವಿಷಯಕ್ಕೆ ಬರುತ್ತೇನೆ. ಇದನ್ನು ಬರೆಯುವಾಗ ಈಗಲೂ ನನ್ನ ಎದೆ ಹೊಡೆದುಕೊಳ್ಳುತ್ತದೆ.

ಯಜಮಾನರು ಖಾಲಿ ಪಿಸ್ತೂಲಿನ ಹ್ಯಾಮರನ್ನು, ಅಂದರೆ ಫೈರಿಂಗ್ ಪಿನ್ನಿಗೆ ಬಡಿಯುವ ಸುತ್ತಿಗೆಯನ್ನು, ಹಿಂದಕ್ಕೆಳೆದು ನಿಲ್ಲಿಸಿದರು. ಸೇಫ್ಟಿ ಮೇಲಕ್ಕೆತ್ತಿದರು. ಟ್ರಿಗರನ್ನು ಚೆನ್ನಾಗಿ ಒತ್ತಿ ಬಿಟ್ಟರು, ಹ್ಯಾಮರ್ ಬೀಳಲಿಲ್ಲ. ಮಗ ನನ್ನ ಮುಖ ನೋಡಿದ, ‘ಸರಿಯಾಗಿಯೇ ಇದೆಯಲ್ಲ’ ಅನ್ನುವ ಹಾಗೆ. ಯಜಮಾನರು ಸೇಫ್ಟಿ ಇಳಿಸಿ, ಪಿಸ್ತೂಲನ್ನು ನನ್ನ ಕಿವಿಯ ಹತ್ತಿರ ತಂದು, ಹ್ಯಾಮರನ್ನು ಹೆಬ್ಬೆರಳಿನಿಂದ ಕೂದಲೆಳೆಯಷ್ಟು ಹಿಂದಕ್ಕೆ ಎಳೆದರು.

ಟಿಕ್.

ಬಹಳ ಸಣ್ಣ ಸದ್ದು. 22 ವರ್ಷ ಗಡಿಯಾರದ ಸದ್ದು ಕೇಳಿದ ಕಿವಿಗೆ ಅದರ ಅರ್ಥ ಆ ಕ್ಷಣವೇ ಆಯಿತು. ಕೈಗಡಿಯಾರದಲ್ಲಿ ಎಸ್ಕೇಪ್ ವೀಲಿನ ಹಲ್ಲನ್ನು ಪ್ಯಾಲೆಟ್ಟಿನ ಕಲ್ಲು ತಡೆದು ಹಿಡಿಯುತ್ತದೆ, ಹಿಡಿತ ಇರುವುದು ಕಲ್ಲಿನ ತುದಿಯ ಅತಿ ಚಿಕ್ಕ ಭಾಗದಲ್ಲಿ. ಇಲ್ಲೂ ಹಾಗೆಯೇ. ಹ್ಯಾಮರಿನ ಕೊಕ್ಕೆಗಳನ್ನು ಸಿಯರ್ ಅನ್ನುವ ಭಾಗದ ಮೂತಿ ಹಿಡಿದಿರುತ್ತದೆ. ಕೊಕ್ಕೆಯ ಎತ್ತರ ಸುಮಾರು ಅರ್ಧ ಮಿಲಿಮೀಟರ್. ಸೇಫ್ಟಿ ಎತ್ತಿದಾಗ ಅದರ ಒಳಗಿನ ಉಬ್ಬು ಸಿಯರಿನ ಹಿಂದೆ ಗೋಡೆಯಂತೆ ನಿಲ್ಲಬೇಕು, ಸಿಯರ್ ಒಂದಿಷ್ಟೂ ಅಲುಗಬಾರದು. ಮಗ ಸವೆಸಿದ್ದರಿಂದ ಗೋಡೆಗೂ ಸಿಯರಿಗೂ ನಡುವೆ ಸಂದು ಬಿದ್ದಿತ್ತು. ಸೇಫ್ಟಿ ಹಾಕಿ ಟ್ರಿಗರ್ ಒತ್ತಿದಾಗ ಸಿಯರ್ ಕೊಕ್ಕೆಯ ಮೇಲೆ ಅರ್ಧ ದಾರಿ ಜಾರಿ ಅಲ್ಲೇ ನಿಂತಿತ್ತು. ಹ್ಯಾಮರನ್ನು ಎಳೆದಾಗ ತನ್ನ ಜಾಗಕ್ಕೆ ವಾಪಸ್ ಬಿದ್ದ ಸದ್ದು ಅದು. ಇನ್ನೊಂದು ಕೂದಲೆಳೆಯಷ್ಟು ಸವೆಸಿದ್ದರೆ, ಸೇಫ್ಟಿ ಇಳಿಸಿದ ಕ್ಷಣ ಬೆರಳು ಟ್ರಿಗರಿನ ಮೇಲೆ ಇಲ್ಲದೆಯೇ ಹ್ಯಾಮರ್ ಬೀಳಬಹುದಿತ್ತು. ಅವನು ಇದೇ ಪಿಸ್ತೂಲನ್ನು ನಾಲ್ಕು ತಿಂಗಳು ರೇಂಜಿಗೆ ಒಯ್ದಿದ್ದ. ಮನೆಯಲ್ಲಿ ಏಳು ವರ್ಷದ ಮೊಮ್ಮಗಳಿದ್ದಾಳೆ, ಪಿಸ್ತೂಲು ಬೀಗದ ಪೆಟ್ಟಿಗೆಯಲ್ಲಿರುತ್ತದೆ, ಆದರೂ.

ಸವೆದ ಲೋಹ ವಾಪಸ್ ಬರುವುದಿಲ್ಲ. ಹೊಸ ಸೇಫ್ಟಿ ಬೇಕಾಯಿತು. ಅದನ್ನು ಕೂರಿಸಿದ ಬಗೆಯೂ ಬ್ಲೂ, ಎರಡು ಉಜ್ಜು, ಒರೆಸು, ಮತ್ತೆ ಬ್ಲೂ. ಒಂದು ನಿಯಮ ಕಟ್ಟುನಿಟ್ಟು: ಅರ ತಾಗುವುದು ಸೇಫ್ಟಿಗೆ ಮಾತ್ರ, ಸಿಯರಿಗೆ ಎಂದೂ ಇಲ್ಲ. ಸಿಯರಿನ ಮೂತಿ ಕೆಟ್ಟರೆ ಟ್ರಿಗರನ್ನು ಒಂದು ಸಲ ಒತ್ತಿದ್ದಕ್ಕೆ ಎರಡು ಗುಂಡು ಹಾರುವ ಅಪಾಯ ಇದೆ. ಲಿವರ್ ಮೇಲೇಳಲು ಶುರುವಾದ ಮೇಲೆ ಅವರು ಅರವನ್ನು ಕೆಳಗಿಟ್ಟು ಸಾಣೆಕಲ್ಲು ಹಿಡಿದರು. ನನ್ನ ಮೇಷ್ಟ್ರು ಇದ್ದಿದ್ದರೆ ಅಲ್ಲಿ ತಲೆ ಆಡಿಸುತ್ತಿದ್ದರು. ಕೊನೆಗೆ ಅದೇ ಪರೀಕ್ಷೆ, ಮತ್ತೆ ನನ್ನ ಕಿವಿ. ಹ್ಯಾಮರ್ ಸದ್ದಿಲ್ಲದೆ ಹಿಂದೆ ಹೋಯಿತು. ಐದು ಸಲ ಮಾಡಿಸಿದೆ. ಅವರು ಬೇಸರಪಡಲಿಲ್ಲ.

‘ಡ್ರಾಪ್ ಇನ್’ ಅನ್ನುವ ಮಾತಿನ ಬಗ್ಗೆ ನನಗೆ ಸಿಟ್ಟಿದೆ, ಅದನ್ನು ಹೇಳಿಯೇ ಮುಂದೆ ಹೋಗುತ್ತೇನೆ. ಈ ಪಿಸ್ತೂಲು ಜಾನ್ ಬ್ರೌನಿಂಗ್ ಅವರ ವಿನ್ಯಾಸ, ಅಮೆರಿಕದ ಸೇನೆ 1911ರ ಮಾರ್ಚಿನಲ್ಲಿ ಒಪ್ಪಿಕೊಂಡಿತು. ಎರಡನೇ ಮಹಾಯುದ್ಧದಲ್ಲಿ ಟೈಪ್‌ರೈಟರ್ ಮಾಡುವ ರೆಮಿಂಗ್ಟನ್ ರ‍್ಯಾಂಡ್ 8 ಲಕ್ಷಕ್ಕೂ ಹೆಚ್ಚು ಮಾಡಿತು. ನಮ್ಮ ಮನೆಮನೆಗೂ ಗೊತ್ತಿರುವ ಹೊಲಿಗೆ ಯಂತ್ರದ ಸಿಂಗರ್ ಕಂಪನಿ 500 ಮಾಡಿಕೊಟ್ಟಿತು. ಎಲ್ಲರಿಗೂ ಸೇನೆಯ ಅದೇ ನಕ್ಷೆ, ಅದೇ ಗೇಜು. ಎಚ್‌ಎಂಟಿಯಲ್ಲಿ ನಾವು ಅಳತೆ ಸರಿಯೋ ತಪ್ಪೋ ಹೇಳುವ ‘ಗೋ’, ‘ನೋ ಗೋ’ ಗೇಜು ಮಾಡಿಕೊಡುತ್ತಿದ್ದುದೂ ಅದಕ್ಕೇ. ಒಬ್ಬನ ಗಾಲಿ ಇನ್ನೊಬ್ಬನ ತಟ್ಟೆಗೆ ಕೂರಬೇಕು ಅಂತ. ಈಗ 1911 ಮಾಡುವ ಕಂಪನಿಗಳು ಎಷ್ಟೋ ಇವೆ, ಬಿಡಿಭಾಗ ಮಾಡುವವರು ಇನ್ನೂ ಹೆಚ್ಚು, ಅವರೆಲ್ಲರ ಮೇಲೆ ಒಂದೇ ಗೇಜು ಹಿಡಿದು ನಿಂತವರು ಯಾರೂ ಇಲ್ಲ. ಒಬ್ಬರ ಸೇಫ್ಟಿ ಇನ್ನೊಬ್ಬರ ಫ್ರೇಮಿಗೆ ಹಾಗೇ ಕೂತರೆ ಅದು ಅದೃಷ್ಟ. ಅದೃಷ್ಟವನ್ನು ಪೊಟ್ಟಣದ ಮೇಲೆ ಅಚ್ಚು ಹಾಕಿ ಮಾರಬಾರದು. ಬಿಡಿಭಾಗ ಕೊಳ್ಳಲು ಇಲ್ಲಿ ಯಾವ ಕಾಗದಪತ್ರವೂ ಬೇಡ, ಕಾನೂನಿನ ಕಣ್ಣಿಗೆ ಬಂದೂಕು ಅಂದರೆ ಸೀರಿಯಲ್ ನಂಬರಿರುವ ಫ್ರೇಮ್ ಮಾತ್ರ, ಉಳಿದದ್ದೆಲ್ಲ ಟಪಾಲಿನಲ್ಲಿ ಮನೆಗೆ ಬರುತ್ತದೆ. ಹಾಗಾಗಿಯೇ ಯಾರು ಬೇಕಾದರೂ ಕೈ ಹಾಕುತ್ತಾರೆ.

ಬಿಲ್ಲು: ಸೇಫ್ಟಿ 92, ಫೈರಿಂಗ್ ಪಿನ್ ಸ್ಟಾಪ್ 24, ಸ್ಪ್ರಿಂಗ್ 11, ಕೂಲಿ 160, ಒಟ್ಟು 287 ಡಾಲರ್. ದೊಡ್ಡ ಅಂಗಡಿಯವರು ಹಾಕಿದ್ದ ಎಕ್ಸ್‌ಟ್ರಾಕ್ಟರ್ ಚೆನ್ನಾಗಿಯೇ ಇದೆ ಅಂತ ಅದನ್ನೇ ಉಳಿಸಿಕೊಂಡರು, ಹೊಸದು ಮಾರಲು ನೋಡಲಿಲ್ಲ. ಎರಡೂವರೆ ಗಂಟೆ ಕೂತು ಎರಡು ಗಂಟೆಯ ಕೂಲಿ ಹಾಕಿದರು.

ಕೊರತೆಗಳೂ ಇವೆ. ಆರು ವಾರದಲ್ಲಿ ನಾಲ್ಕು ಸಲ ಫೋನ್ ಮಾಡಿದೆ, ಒಂದಕ್ಕೂ ಎತ್ತಲಿಲ್ಲ. ಕಾರ್ಡ್ ತಗೊಳ್ಳುವುದಿಲ್ಲ, ನಗದು ಅಥವಾ ಚೆಕ್. ಮಗನ ಪಿಸ್ತೂಲು ಬೆಳ್ಳಿಬಣ್ಣದ ಸ್ಟೇನ್‌ಲೆಸ್, ಅವರು ಕೇಳದೆ ಕಪ್ಪು ಸೇಫ್ಟಿ ತರಿಸಿದ್ದರು. ಕೇಳಿದ್ದಕ್ಕೆ “ಕೆಲಸ ಮಾಡುತ್ತೆ” ಅಂದರು. ಹುಡುಗನಿಗೆ ಅದು ಬೇಸರ, ಅವನದು ನ್ಯಾಯವೇ. ಬಲಗಡೆ ಲಿವರ್ ಒಳಮೈಯಲ್ಲಿ ಅರದ ಗೀರುಗಳನ್ನು ಹಾಗೇ ಬಿಟ್ಟಿದ್ದಾರೆ. ಹೊರಗೆ ಕಾಣುವುದಿಲ್ಲ, ಕೆಲಸಕ್ಕೆ ಅಡ್ಡಿಯೂ ಇಲ್ಲ, ಆದರೆ ಅಷ್ಟು ಚೆಂದ ಕೂರಿಸಿದ ಕೈ ಇನ್ನು ಹತ್ತು ನಿಮಿಷ ಎಮರಿ ಹಾಳೆ ಹಿಡಿಯಬಹುದಿತ್ತು. ತೆಗೆದ ಹಳೆಯ ಭಾಗಗಳನ್ನು ನಾವೇ ಕೇಳಿ ಪಡೆಯಬೇಕಾಯಿತು.

ಮರುದಿನ ರೇಂಜಿಗೆ ಹೋದೆವು. 230 ಗ್ರೇನ್ ತೂಕದ ಸಾಮಾನ್ಯ ಗುಂಡು 150, ಮೂತಿ ಟೊಳ್ಳಾಗಿರುವ ಹಾಲೋ ಪಾಯಿಂಟ್ 50. ಖಾಲಿ ಕೇಸುಗಳು ಬಲಕ್ಕೆ ಸ್ವಲ್ಪ ಹಿಂದೆ, ನಮ್ಮ ತುಳಸಿಕಟ್ಟೆಯಷ್ಟು ಜಾಗದಲ್ಲಿ ಒಂದರ ಮೇಲೊಂದು ಬಿದ್ದವು. ಮಗ ಹೊಡೆಯುತ್ತಿದ್ದ, ನಾನು ಗುರಿ ನೋಡಲಿಲ್ಲ, ನೆಲ ನೋಡುತ್ತಾ ನಿಂತಿದ್ದೆ. ಎರಡು ಸಲ ಮಾತ್ರ ಸ್ಲೈಡ್ ಅರ್ಧಕ್ಕೆ ನಿಂತಿತು. ಎರಡೂ ಸಲ ಇದ್ದದ್ದು ಮೂರನೇ ಮ್ಯಾಗಜಿನ್. ನಾನು ಸೊಸೆಯ ಉಗುರುಬಣ್ಣದಿಂದ ಅವಕ್ಕೆಲ್ಲ ಮೊದಲೇ ನಂಬರು ಹಾಕಿದ್ದರಿಂದ ಗೊತ್ತಾಯಿತು. ಅದರ ಸ್ಪ್ರಿಂಗ್ ಬಿಚ್ಚಿ ಉಳಿದವುಗಳ ಪಕ್ಕದಲ್ಲಿಟ್ಟರೆ ಮುಕ್ಕಾಲು ಅಂಗುಲ ಗಿಡ್ಡ. ಹೊಸ ಸ್ಪ್ರಿಂಗ್ ಹಾಕಿದ ಮೇಲೆ ಅದೂ ಸರಿಹೋಯಿತು. ಯಾವ ರಿಪೇರಿಗೂ ಮುಂಚೆ ಮ್ಯಾಗಜಿನ್‌ಗಳಿಗೆ ನಂಬರು ಹಾಕಿ, ಯಾವುದರಲ್ಲಿ ತೊಂದರೆ ಬಂತು ಅಂತ ಬರೆದಿಟ್ಟುಕೊಳ್ಳಿ. ಅಂಗಡಿಯವರ ಸಮಯವೂ ನಿಮ್ಮ ದುಡ್ಡೂ ಉಳಿಯುತ್ತದೆ.

ಐದರಲ್ಲಿ ನಾಲ್ಕೂವರೆ ಕೊಡುತ್ತೇನೆ. ಸ್ಪ್ರಿಂಗ್, ಗ್ರಿಪ್, ಮ್ಯಾಗಜಿನ್ ಕೆಲಸಕ್ಕೆ ಅಷ್ಟು ದೂರ ಹೋಗಬೇಡಿ, ಅವನ್ನು ಮನೆಯಲ್ಲೇ ಮಾಡಿಕೊಳ್ಳಿ. ಸೇಫ್ಟಿ, ಸಿಯರ್, ಹ್ಯಾಮರ್, ಎಕ್ಸ್‌ಟ್ರಾಕ್ಟರ್ ಆದರೆ ಕಾಯಿರಿ, ಆರು ವಾರವಾದರೂ ಕಾಯಿರಿ.

ಮಗ ಸವೆಸಿದ ಹಳೆಯ ಸೇಫ್ಟಿಯನ್ನು ನಾನು ಇಟ್ಟುಕೊಂಡಿದ್ದೇನೆ. ಮುಂದಿನ ಶನಿವಾರ ಗ್ಯಾರೇಜಿನ ವೈಸಿಗೆ ಅದನ್ನು ಕಚ್ಚಿಸಿ, ಚಪ್ಪಟೆ ಅರ ಕೈಗೆ ಕೊಟ್ಟು, ಮಗನಿಗೆ ಮೊದಲಿನಿಂದ ಅರ ಹಿಡಿಯುವುದನ್ನು ಕಲಿಸಲಿದ್ದೇನೆ. ಸೀಮೆಸುಣ್ಣ ತಂದಿಟ್ಟಿದ್ದೇನೆ.